ಹಳೆಯ ಲೇಖನಿಯ ಹಠಮಾರಿ ಕಲೆ

ಪೆಟ್ಟಿಗೆಯ ತಳದಲ್ಲಿ ದೊರೆತ ಅಜ್ಜನ ಶಾಯಿಪೆನ್ನನ್ನು ಮತ್ತೆ ಬರೆಯುವಂತೆ ಮಾಡುವ ಉತ್ಸಾಹದಲ್ಲಿ ಕೆಲವರು ಅದನ್ನು ಬಿಸಿನೀರಿಗೆ ಹಾಕುತ್ತಾರೆ. ಕಪ್ಪು ಎಬೊನೈಟ್ ಅಂದರೆ ಗಂಧಕ ಬೆರೆಸಿ ಗಟ್ಟಿಗೊಳಿಸಿದ ರಬ್ಬರು. ಬಿಸಿನೀರು ತಗುಲಿದರೆ ಅದು ಕಂದುಬಣ್ಣಕ್ಕೆ ತಿರುಗುತ್ತದೆ. ಸೆಲ್ಯುಲಾಯ್ಡಿನದಾದರೆ ಆಕಾರವೇ ಕೆಡಬಹುದು. ಆದ್ದರಿಂದ ಮೊದಲು ತಣ್ಣೀರು, ಬಳಿಕ ತಾಳ್ಮೆ. ನಿಬ್ಬಿನ ಭಾಗವನ್ನು ಕೆಲವು ಗಂಟೆ ನೆನೆಯಿಸಿ, ನೀರನ್ನು ಆಗಾಗ ಬದಲಿಸಿ. ಬಹುಪಾಲು ಪೆನ್ನುಗಳಿಗೆ ಇಷ್ಟೇ ಸಾಕು.

ಇದಕ್ಕೂ ಮಣಿಯದ ಕಲೆಯಾದರೆ ಶಾಯಿಯ ಜಾತಿಯನ್ನು ಅರಿಯಬೇಕು. ಅಳಲೆಕಾಯಿಯ ಒಗರು ಕಷಾಯಕ್ಕೆ ಅನ್ನಭೇದಿ ಸೇರಿದರೆ ಕಪ್ಪು ಬಣ್ಣ ಹುಟ್ಟುತ್ತದೆ. ಮರಾಠಿಯಲ್ಲಿ ಇವೇ ಹಿರಡಾ ಮತ್ತು ಹಿರಾಕಸ. ಕಬ್ಬಿಣದ ಶಾಯಿಯ ತತ್ತ್ವವೂ ಇದೇ: ಗಾಳಿ ತಾಗಿದಂತೆ ಅದರಲ್ಲಿನ ಕಬ್ಬಿಣ ಉತ್ಕರ್ಷಣಗೊಂಡು ನೀರಿನಲ್ಲಿ ಕರಗದ ಕಪ್ಪು ವಸ್ತುವಾಗುತ್ತದೆ. ದಫ್ತರದ ಬರಹವನ್ನು ಉಳಿಸಿದ ಗುಣವೇ ಪೆನ್ನಿನೊಳಗೆ ಕಲೆಯಾಗಿ ಕೂರುತ್ತದೆ. ಅಜ್ಜನ ಹಳೆಯ ಪತ್ರಗಳಿದ್ದರೆ ನೋಡಿ. ಅಕ್ಷರಗಳು ಕಾಲಕ್ರಮದಲ್ಲಿ ಕಂದುಗಟ್ಟಿದ್ದರೆ ಈ ಶಾಯಿಯನ್ನೇ ಶಂಕಿಸಬಹುದು.

ಇಂಥ ಕಲೆಗೆ ಒಂದು ಲೋಟ ನೀರಿನಲ್ಲಿ ಚಿಟಿಕೆಯಷ್ಟು ಆಸ್ಕಾರ್ಬಿಕ್ ಆಮ್ಲ, ಅಂದರೆ ಸಿ ಜೀವಸತ್ವದ ಪುಡಿ, ಕರಗಿಸಿ ಅರ್ಧ ಗಂಟೆ ಇಡಬೇಕು. ಅದು ಕಬ್ಬಿಣವನ್ನು ಮತ್ತೆ ಕರಗುವ ರೂಪಕ್ಕೆ ತರುತ್ತದೆ. ನಿಬ್ಬು ಉಕ್ಕಿನದಾದರೆ ಅದಕ್ಕಿಂತ ಹೆಚ್ಚು ಹೊತ್ತು ಬೇಡ. ನಿಂಬೆರಸವೂ ಹುಳಿಯೇ ಅಲ್ಲವೇ ಎಂದರೆ, ಹೌದು. ಆದರೆ ಅದರ ತಿರುಳು ಶಾಯಿ ಹರಿಯುವ ಸಣ್ಣ ಗೀರುಗಳನ್ನು ಕಟ್ಟುತ್ತದೆ.

ನೀಲಿ, ಕೆಂಪು ಮುಂತಾದ ಸಾಮಾನ್ಯ ಬಣ್ಣದ ಶಾಯಿಯ ಕಲೆಗೆ ಉಪಾಯ ಬೇರೆ: ಹತ್ತು ಪಾಲು ನೀರಿಗೆ ಒಂದು ಪಾಲು ಮನೆಬಳಕೆಯ ಅಮೋನಿಯಾ, ಒಂದು ಹನಿ ಪಾತ್ರೆ ತೊಳೆಯುವ ಸೋಪು. ಇದನ್ನು ಕಬ್ಬಿಣದ ಶಾಯಿಗೆ ಬಳಸಿದರೆ ಕಬ್ಬಿಣ ಇನ್ನಷ್ಟು ಗಷ್ಟುಗಟ್ಟುತ್ತದೆ. ಹಿತ್ತಾಳೆಯ ಭಾಗಗಳಿಗೂ ಅಮೋನಿಯಾ ಹಿತವಲ್ಲ. ಬ್ಲೀಚಿನ ಜೊತೆಗೆ ಅದನ್ನು ಎಂದಿಗೂ ಬೆರೆಸಕೂಡದು, ವಿಷಾನಿಲ ಹೊರಡುತ್ತದೆ. ಸ್ಪಿರಿಟನ್ನೂ ದೂರವಿಡಿ: ಸೆಲ್ಯುಲಾಯ್ಡು, ಅಕ್ರಿಲಿಕ್‌ಗಳ ಮೈಯನ್ನು ಅದು ಕೆಡಿಸುತ್ತದೆ.

ಪಾರದರ್ಶಕ ಕೊಳವೆಯಲ್ಲಿ ಉಳಿದ ತೆಳು ನೀಲಿಛಾಯೆ ಬರಹಕ್ಕೆ ಅಡ್ಡಿಯಲ್ಲ. ಅದನ್ನು ಹಾಗೆಯೇ ಬಿಡುವುದು ಮೇಲೆಂದು ನನ್ನ ಮತ. ಯಾವ ದ್ರಾವಣ ಬಳಸಿದರೂ ಶುದ್ಧ ನೀರಿನಿಂದ ಹಲವು ಸಲ ತೊಳೆದು, ನಿಬ್ಬಿನ ಮೊನೆ ಕೆಳಗಾಗುವಂತೆ ಹತ್ತಿಬಟ್ಟೆಯ ಮೇಲೆ ಒಂದು ರಾತ್ರಿ ನಿಲ್ಲಿಸಿ. ಹೊಸ ಶಾಯಿಯನ್ನು ಮರುದಿನ ತುಂಬಿಸಿ.