ಪ್ಲಗಿನ್ ರಚನೆಯಲ್ಲಿ ನೇಮ್‌ಸ್ಪೇಸ್, ಆಟೋಲೋಡಿಂಗ್: ಮುಖ್ಯಾಂಶಗಳು

ಕಾಲಾನುಕ್ರಮ

- 1995 ಜೂನ್ 8: ಪಿಎಚ್‌ಪಿ ಸಾರ್ವಜನಿಕ ಬಿಡುಗಡೆ; ಜನಕ ರಾಸ್ಮಸ್ ಲೆರ್ಡಾರ್ಫ್.
- 2003 ಮೇ 27: ವರ್ಡ್‌ಪ್ರೆಸ್ ಮೊದಲ ಆವೃತ್ತಿ, ಸಹ-ಸ್ಥಾಪಕರು ಮ್ಯಾಟ್ ಮುಲೆನ್‌ವೆಗ್, ಮೈಕ್ ಲಿಟಲ್.
- 2004 ಮೇ: ವರ್ಡ್‌ಪ್ರೆಸ್ 1.2, ಪ್ಲಗಿನ್ ವ್ಯವಸ್ಥೆಯ ಆರಂಭ.
- 2004 ಜುಲೈ 13: ಪಿಎಚ್‌ಪಿ 5.0, ‘ಆಟೋಲೋಡ್’ ಮಾಂತ್ರಿಕ ಫಂಕ್ಷನ್ (ಕ್ಲಾಸ್ ಬೇಕಾದಾಗ ಅದರ ಕಡತ ತಾನಾಗಿಯೇ ಲೋಡ್).
- 2008 ಅಕ್ಟೋಬರ್: ನೇಮ್‌ಸ್ಪೇಸ್ (ಒಂದೇ ಹೆಸರುಗಳ ಸಂಘರ್ಷ ತಪ್ಪಿಸುವ ಹೆಸರಿನ ವ್ಯಾಪ್ತಿ) ವಿಭಜಕವಾಗಿ ಬ್ಯಾಕ್‌ಸ್ಲ್ಯಾಶ್ ಆಯ್ಕೆ.
- 2009 ಜೂನ್ 30: ಪಿಎಚ್‌ಪಿ 5.3, ನೇಮ್‌ಸ್ಪೇಸ್ ಜಾರಿ.
- 2012 ಮಾರ್ಚ್ 1: ಪಿಎಚ್‌ಪಿ ಲೈಬ್ರರಿಗಳ ನಿರ್ವಹಣಾ ಸಾಧನ ಕಂಪೋಸರ್‌ನ ಮೊದಲ ಬಿಡುಗಡೆ, ನಿಲ್ಸ್ ಆಡರ್ಮನ್, ಯೋರ್ಡಿ ಬೊಜಿಯಾನೊ.
- 2013 ಡಿಸೆಂಬರ್: ಆಟೋಲೋಡಿಂಗ್ ಮಾನದಂಡ ಪಿಎಸ್‌ಆರ್-4 ಅಂಗೀಕಾರ. ಹಳೆಯ ಮಾನದಂಡ ಪಿಎಸ್‌ಆರ್-0 ಕೈಬಿಟ್ಟದ್ದು 2014 ಅಕ್ಟೋಬರ್.
- 2019 ಮೇ 7: ವರ್ಡ್‌ಪ್ರೆಸ್ 5.2, ಕನಿಷ್ಠ ಪಿಎಚ್‌ಪಿ 5.2.4ರಿಂದ 5.6.20ಕ್ಕೆ.
- 2020 ನವೆಂಬರ್ 26: ಪಿಎಚ್‌ಪಿ 8.0, ಹಳೆಯ ‘ಆಟೋಲೋಡ್’ ಫಂಕ್ಷನ್ ರದ್ದು (ಬಳಕೆ ಬೇಡವೆಂಬ ಎಚ್ಚರಿಕೆ 7.2ರಿಂದಲೇ).

ನೆನಪಿಡಬೇಕಾದ ಅಂತರ: 2009–2019. ಭಾಷೆಗೆ ನೇಮ್‌ಸ್ಪೇಸ್ ಬಂದ 10 ವರ್ಷಗಳ ನಂತರವೇ ವರ್ಡ್‌ಪ್ರೆಸ್ ಪ್ಲಗಿನ್‌ಗಳಲ್ಲಿ ಅದರ ನಿಶ್ಚಿಂತ ಬಳಕೆ. ಹಳೆಯ ಪ್ಲಗಿನ್‌ಗಳ ಉದ್ದುದ್ದ ಪೂರ್ವಪ್ರತ್ಯಯದ ಹೆಸರುಗಳಿಗೆ ಇದೇ ಕಾರಣ.

ಕರ್ನಾಟಕದ ಸಂದರ್ಭ

- ಕೋಲಾರ ಜಿಲ್ಲಾ ಜಾಲತಾಣ: ಎನ್‌ಐಸಿಯ (ರಾಷ್ಟ್ರೀಯ ಮಾಹಿತಿ ವಿಜ್ಞಾನ ಕೇಂದ್ರ) ಎಸ್3ವಾಸ್ ವೇದಿಕೆ, ಬುನಾದಿ ವರ್ಡ್‌ಪ್ರೆಸ್.
- ಕನ್ನಡ ವಿಕಿಪೀಡಿಯ (2003): ಮೀಡಿಯಾವಿಕಿ, ಪ್ಲಗಿನ್‌ಗೆ ಅಲ್ಲಿನ ಹೆಸರು ‘ಎಕ್ಸ್‌ಟೆನ್ಶನ್’. ನೇಮ್‌ಸ್ಪೇಸ್ ಆಧಾರಿತ ಆಟೋಲೋಡ್ 1.31ರಿಂದ (2018).

ಮಾದರಿ: ಮಾರುಕಟ್ಟೆ ದರ ಪ್ಲಗಿನ್ (ಕಾಲ್ಪನಿಕ)

- ಪೂರ್ವಪ್ರತ್ಯಯ: ಕೋಲಾರಜಿಲ್ಲೆ. ಉಪ ನೇಮ್‌ಸ್ಪೇಸ್ 4: ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ.
- ಟೊಮೆಟೊಗೆ: ಕೋಲಾರಜಿಲ್ಲೆ\ಕೋಲಾರ\ದರ
- ಮಾವಿಗೆ: ಕೋಲಾರಜಿಲ್ಲೆ\ಶ್ರೀನಿವಾಸಪುರ\ದರ
- ಕ್ಲಾಸ್ ಹೆಸರು ಎರಡೂ ಕಡೆ ‘ದರ’, ಸಂಘರ್ಷ ಇಲ್ಲ. ನೇಮ್‌ಸ್ಪೇಸ್ ಇಲ್ಲದಿದ್ದರೆ ಫೇಟಲ್ ಎರರ್, ಪುಟ ಸ್ಥಗಿತ.
- ಒಂದೇ ಕಡತದಲ್ಲಿ ಎರಡೂ ಬೇಕಾದರೆ: ‘ಯೂಸ್ … ಆಸ್ ಮಾವಿನದರ’.
- ಪಿಎಸ್‌ಆರ್-4 ಪ್ರಕಾರ ಕಡತದ ಸ್ಥಾನ: ಎಸ್‌ಆರ್‌ಸಿ/ಶ್ರೀನಿವಾಸಪುರ/ದರ. ಪೂರ್ವಪ್ರತ್ಯಯಕ್ಕೆ ಪ್ರತ್ಯೇಕ ಫೋಲ್ಡರ್ ಬೇಡ (ಪಿಎಸ್‌ಆರ್-0ರಲ್ಲಿ ಬೇಕಿತ್ತು).
- ಕನ್ನಡ ಲಿಪಿಯ ಕ್ಲಾಸ್ ಹೆಸರು: ಪಿಎಚ್‌ಪಿ ನಿಯಮಕ್ಕೆ ಒಪ್ಪಿತ, ರೂಢಿಯಲ್ಲಿ ಅಪರೂಪ. ಪ್ರತಿ ಕನ್ನಡ ಸಂಕೇತಕ್ಕೆ ಯುಟಿಎಫ್-8ರಲ್ಲಿ 3 ಬೈಟ್.
- ಅಪಾಯ: ‘ಮಾರ್ಕೆಟ್’ ಪದದ ಕೊನೆಗೆ ಅಂಟಿದ ಶೂನ್ಯ ಅಗಲದ ಅಕ್ಷರ (ಯು+200ಸಿ). ಕಣ್ಣಿಗೆ ಒಂದೇ ಹೆಸರು, ಪಿಎಚ್‌ಪಿಗೆ ಎರಡು.
- ಲಾಭ: ಕನ್ನಡ ಲಿಪಿಯಲ್ಲಿ ದೊಡ್ಡಕ್ಷರ–ಸಣ್ಣಕ್ಷರ ಭೇದವಿಲ್ಲ. ರೋಮನ್ ಹೆಸರುಗಳಲ್ಲಿ ವಿಂಡೋಸ್‌ನಲ್ಲಿ ಓಡಿದ್ದು ಲಿನಕ್ಸ್ ಸರ್ವರ್‌ನಲ್ಲಿ ‘ಕ್ಲಾಸ್ ಸಿಗಲಿಲ್ಲ’ ಎನ್ನಲು ಸಾಮಾನ್ಯ ಕಾರಣ ಈ ಭೇದವೇ.

ನಿಯಮಗಳು

- ನೇಮ್‌ಸ್ಪೇಸ್ ಘೋಷಣೆ: ಕಡತದ ಮೊದಲ ಹೇಳಿಕೆ, ಅದಕ್ಕೂ ಮುಂಚೆ ‘ಡಿಕ್ಲೇರ್’ಗೆ ಮಾತ್ರ ಅವಕಾಶ. ಕಡತದ ತಲೆಗೆ ಸೇರಿದ ಬಿಒಎಂನ (ಕಣ್ಣಿಗೆ ಕಾಣದ ಬೈಟ್-ಕ್ರಮ ಗುರುತು) 3 ಬೈಟ್ ಕೂಡ ದೋಷಕ್ಕೆ ಸಾಕು.
- ಫಂಕ್ಷನ್, ಸ್ಥಿರಾಂಕ: ನೇಮ್‌ಸ್ಪೇಸ್‌ನಲ್ಲಿ ಇಲ್ಲದಿದ್ದರೆ ಜಾಗತಿಕ ವ್ಯಾಪ್ತಿಯಲ್ಲಿ ಹುಡುಕಾಟ. ಕ್ಲಾಸ್‌ಗೆ ಈ ಸೌಲಭ್ಯ ಇಲ್ಲ. ವರ್ಡ್‌ಪ್ರೆಸ್‌ನ ‘ಡಬ್ಲ್ಯೂಪಿ ಕ್ವೆರಿ’ಗೆ ಮುಂದೆ ಬ್ಯಾಕ್‌ಸ್ಲ್ಯಾಶ್ ಅಥವಾ ‘ಯೂಸ್’ ಕಡ್ಡಾಯ. (ಪದೇ ಪದೇ ತಪ್ಪುವ ಅಂಶ.)
- ಆಟೋಲೋಡ್ ವ್ಯಾಪ್ತಿ: ಕ್ಲಾಸ್, ಇಂಟರ್‌ಫೇಸ್, ಟ್ರೇಟ್, ಈನಮ್ (8.1ರಿಂದ). ಫಂಕ್ಷನ್ ಇಲ್ಲ.
- ನೋಂದಣಿ: ‘ಎಸ್‌ಪಿಎಲ್ ಆಟೋಲೋಡ್ ರಿಜಿಸ್ಟರ್’, ಒಂದಕ್ಕಿಂತ ಹೆಚ್ಚು ಲೋಡರ್‌ಗಳ ಸಾಲು. ಬೇರೆ ಪೂರ್ವಪ್ರತ್ಯಯ ಕಂಡರೆ ಸದ್ದಿಲ್ಲದೆ ಮರಳುವುದು; ದೋಷ ಎಸೆಯುವಂತಿಲ್ಲ.
- ಕಂಪೋಸರ್ ವಿಧಾನ 4: ಪಿಎಸ್‌ಆರ್-4, ಪಿಎಸ್‌ಆರ್-0, ಕ್ಲಾಸ್‌ಮ್ಯಾಪ್, ಫೈಲ್ಸ್.
- ವರ್ಡ್‌ಪ್ರೆಸ್ ಕಡತ-ನಾಮ ರೂಢಿ: ‘ಕ್ಲಾಸ್-’ ಆರಂಭ, ಸಣ್ಣಕ್ಷರ, ಅಡ್ಡಗೆರೆ. ಪಿಎಸ್‌ಆರ್-4ಕ್ಕೆ ಹೊಂದುವುದಿಲ್ಲ, ಪರಿಹಾರ ಕ್ಲಾಸ್‌ಮ್ಯಾಪ್.

ಇತರ ವ್ಯವಸ್ಥೆಗಳು

- ಡ್ರೂಪಲ್ 8 (2015 ನವೆಂಬರ್ 19): ಮಾಡ್ಯೂಲ್‌ಗಳಿಗೆ ಪಿಎಸ್‌ಆರ್-4.
- ಜೂಮ್ಲಾ 4 (2021 ಆಗಸ್ಟ್ 17): ಇಲ್ಲೂ ನೇಮ್‌ಸ್ಪೇಸ್ ಆಧಾರಿತ ಆಟೋಲೋಡ್.

ನೇಮ್‌ಸ್ಪೇಸ್ ರಕ್ಷಣೆಗೆ ಬಾರದವು

- ಹುಕ್ ಹೆಸರು, ಆಪ್ಷನ್ ಕೀಲಿ, ಶಾರ್ಟ್‌ಕೋಡ್, ಟೇಬಲ್ ಹೆಸರು: ಎಲ್ಲವೂ ಬರಿಯ ಅಕ್ಷರಸರಣಿ, ಪೂರ್ವಪ್ರತ್ಯಯ ಇಂದಿಗೂ ಅಗತ್ಯ.
- ಎರಡು ಪ್ಲಗಿನ್, ಒಂದೇ ಲೈಬ್ರರಿಯ ಎರಡು ಆವೃತ್ತಿ: ನೇಮ್‌ಸ್ಪೇಸ್ ಒಂದೇ, ಮೊದಲು ಲೋಡ್ ಆದದ್ದಕ್ಕೆ ಗೆಲುವು. ಪರಿಹಾರ ಸಾಧನಗಳು: ಪಿಎಚ್‌ಪಿ-ಸ್ಕೋಪರ್, ಸ್ಟ್ರಾಸ್, ಮೊಜಾರ್ಟ್.