ಮನೆಯಲ್ಲಿ ಹಾಡು ಮುದ್ರಿಸಲು ಮೈಕಿನ ಆಯ್ಕೆ



ಬೀಸುವ ಕಲ್ಲು ಮೂಲೆ ಸೇರಿದ ಮೇಲೆ ಬೀಸುವ ಪದ ಹಾಡುವವರು ಕಡಮೆಯಾದರು. ರಾಶಿಯನ್ನು ಯಂತ್ರವೇ ಮಾಡತೊಡಗಿದ ಮೇಲೆ ಹಂತಿ ಪದವೂ ಅದೇ ದಾರಿ ಹಿಡಿಯಿತು. ತಿರ್ಲಾಪುರದಂಥ ನಮ್ಮ ಎರೆಸೀಮೆಯ ಊರುಗಳಲ್ಲಿ ಈ ಪದಗಳು ಈಗ ಬಹುಮಟ್ಟಿಗೆ ಹಿರಿಯರ ನೆನಪಿನಲ್ಲಿ ಮಾತ್ರ ಉಳಿದಿವೆ. ಮೊಬೈಲಿನಲ್ಲಿ ಅವನ್ನು ಹಿಡಿದಿಟ್ಟವರು ಉಂಟು. ಆದರೆ ವರ್ಷ ಬಿಟ್ಟು ಕೇಳಿದರೆ ಅಜ್ಜಿಯ ದನಿಗಿಂತ ಫ್ಯಾನಿನ ದನಿಯೇ ಮುಂದಾಗಿರುತ್ತದೆ, ಪದದ ಮಾತು ತಿಳಿಯುವುದಿಲ್ಲ. ಮತ್ತೊಮ್ಮೆ ಹಾಡಿಸೋಣವೆಂದರೆ ಹಾಡುವವರೇ ಇರುವುದಿಲ್ಲ. ಭಜನಾ ಮಂಡಳಿಯವರೂ ಮಹಿಳಾ ಸಂಘದವರೂ ವಂತಿಗೆ ಕೂಡಿಸಿ ಕಂಡೆನ್ಸರ್ ಮೈಕು ಕೊಳ್ಳುವ ವಿಚಾರದಲ್ಲಿದ್ದರೆ, ಹಣ ಕೊಡುವ ಮೊದಲು ಕೆಲವು ಸಂಗತಿಗಳನ್ನು ತಿಳಿದಿರುವುದು ಒಳ್ಳೆಯದು.

ಊರಲ್ಲಿ ಮೈಕು ಎಂದೊಡನೆ ಗುಡಿಯ ಮೇಲಿನ ಭೋಂಗಾ ಕಣ್ಣೆದುರು ಬರುವುದು. ಅದು ದನಿಯನ್ನು ಹೊರಗೆ ಬಿಡುವ ಸಾಧನ. ಇಲ್ಲಿ ಹೇಳುವುದು ದನಿಯನ್ನು ಒಳಗೆ ತೆಗೆದುಕೊಳ್ಳುವ ಮೈಕಿನ ವಿಷಯ. ಅದರಲ್ಲಿ ಮುಖ್ಯವಾಗಿ ಎರಡು ಜಾತಿ. ಡೈನಾಮಿಕ್ ಮೈಕಿನಲ್ಲಿ ತೆಳು ಪೊರೆಗೆ ತಂತಿಯ ಸುರುಳಿಯನ್ನು ಅಂಟಿಸಿರುತ್ತಾರೆ. ದನಿ ತಾಗಿ ಪೊರೆ ಅಲುಗಿದಾಗ ಸುರುಳಿಯು ಅಯಸ್ಕಾಂತದ ನಡುವೆ ಆಡಿ ವಿದ್ಯುತ್ತು ಹುಟ್ಟುವುದು. ಕಂಡೆನ್ಸರ್ ಮೈಕಿನಲ್ಲಿ ಸುರುಳಿಯಿಲ್ಲ. ದಮ್ಮಡಿಯ ಚರ್ಮದಂತೆ ಬಿಗಿದ ಬಹು ತೆಳುವಾದ ಪೊರೆಯೊಂದು, ಅದರ ಹಿಂದೆ ಕೂದಲೆಳೆಯಷ್ಟು ಸಂದು ಬಿಟ್ಟು ಲೋಹದ ಬಿಲ್ಲೆಯೊಂದು; ಇವೆರಡರ ನಡುವೆ ವಿದ್ಯುತ್ತನ್ನು ತುಂಬಿರುತ್ತದೆ. ಪೊರೆ ಅಲುಗಿದರೆ ಸಂದು ಹೆಚ್ಚು ಕಡಮೆಯಾಗಿ, ದನಿ ವಿದ್ಯುತ್ತಿನ ಏರಿಳಿತವಾಗುವುದು. ಸುರುಳಿಯ ಭಾರವಿಲ್ಲದ್ದರಿಂದ ಈ ಪೊರೆ ಸಣ್ಣ ದನಿಗೂ ಸ್ಪಂದಿಸುವುದು. ತಾಳದ ಝಣತ್ಕಾರ, ಏಕತಾರಿಯ ತಂತಿಯ ಎಳೆ, ಮುದುಕಿಯ ಮೆಲುದನಿ, ಇವೆಲ್ಲ ಇದರಲ್ಲಿ ಚೆನ್ನಾಗಿ ಬರುತ್ತವೆ. ನಾಯಿ ಬೊಗಳುವುದೂ ಅಷ್ಟೇ ಚೆನ್ನಾಗಿ ಬರುತ್ತದೆ ಎಂಬುದನ್ನು ಮರೆಯಬಾರದು.

ಈ ಜಾತಿಯ ಮೈಕನ್ನು ಅಮೆರಿಕದ ಇ. ಸಿ. ವೆಂಟ್ ಎಂಬವರು 1916ರಲ್ಲಿ ಮಾಡಿದರು. 1962ರಲ್ಲಿ ಅಲ್ಲಿನ ಬೆಲ್ ಪ್ರಯೋಗಾಲಯದ ಜೇಮ್ಸ್ ವೆಸ್ಟ್ ಮತ್ತು ಗೆರ್ಹಾರ್ಡ್ ಸೆಸ್ಲರ್ ವಿದ್ಯುತ್ತನ್ನು ಶಾಶ್ವತವಾಗಿ ಹಿಡಿದಿಟ್ಟುಕೊಳ್ಳುವ ಹಾಳೆಯಿಂದ ಇಲೆಕ್ಟ್ರೆಟ್ ಮೈಕು ಮಾಡಿದ ಮೇಲೆ ಬೆಲೆ ಬಹಳ ಇಳಿಯಿತು. ನಿಮ್ಮ ಕಿಸೆಯ ಮೊಬೈಲಿನಲ್ಲಿರುವುದೂ ಕಂಡೆನ್ಸರ್ ಜಾತಿಯ ಪುಟ್ಟ ಮೈಕೇ ಆಗಿದೆ. ಆದುದರಿಂದ ಡಬ್ಬಿಯ ಮೇಲೆ ‘ಕಂಡೆನ್ಸರ್’ ಎಂದು ಬರೆದ ಮಾತ್ರಕ್ಕೆ ಅದು ಉತ್ತಮವೆಂದು ತಿಳಿಯಬೇಡಿರಿ.

ಧ್ವನಿಮುದ್ರಣ ನಮ್ಮ ಸೀಮೆಗೆ ಹೊಸದೇನಲ್ಲ. ಗಂಗೂಬಾಯಿ ಹಾನಗಲ್ಲರ ಹಾಡು 1930ರ ದಶಕದಲ್ಲಿಯೇ ‘ಗಾಂಧಾರಿ’ ಎಂಬ ಹೆಸರಿನಿಂದ ಗ್ರಾಮೋಫೋನ್ ತಟ್ಟೆಗಳಲ್ಲಿ ಬಂದಿತ್ತು. ಆಗಿನ ತಟ್ಟೆಯ ಒಂದು ಬದಿಗೆ ಮೂರು ಮೂರೂವರೆ ನಿಮಿಷ ಮಾತ್ರ. ರಾಗವನ್ನು ಅಷ್ಟರೊಳಗೆ ಕಟ್ಟಿ ಕೊಡಬೇಕಿತ್ತು. ಧಾರವಾಡದ ಆಕಾಶವಾಣಿ 1950ರ ಜನವರಿ 8ರಂದು ಆರಂಭವಾಯಿತು. ಹಾಡುವವರು ಯಂತ್ರವಿದ್ದಲ್ಲಿಗೆ ಹೋಗುವ ಕಾಲವದು. ಈಗ ಯಂತ್ರ ಮನೆಗೇ ಬರುತ್ತದೆ, ಆದರೆ ಸ್ಟುಡಿಯೋದ ಕೋಣೆ ಮನೆಗೆ ಬರುವುದಿಲ್ಲ. ತೊಡಕು ಇರುವುದು ಇಲ್ಲಿಯೇ.

ಗಿಲಾವು ಮಾಡಿದ ಗೋಡೆ, ಫರಸಿಯ ನೆಲ, ತಗಡಿನ ಮಾಡು ಇದ್ದ ಕೋಣೆಯಲ್ಲಿ ಚಪ್ಪಾಳೆ ತಟ್ಟಿ ನೋಡಿರಿ. ದನಿ ತಿರುಗಿ ತಿರುಗಿ ಬರುವುದು. ಅಂಥಲ್ಲಿ ಕಂಡೆನ್ಸರ್ ಮೈಕು ಇಟ್ಟರೆ ಹಾಡು ಬಾವಿಯೊಳಗಿಂದ ಬಂದಂತಿರುತ್ತದೆ. ಹಳೆಯ ಮಣ್ಣಿನ ಮಾಳಿಗೆಯ ಮನೆ ಇದಕ್ಕಿಂತ ಎಷ್ಟೋ ಮೇಲು. ಜೋಳದ ಚೀಲ ಒಟ್ಟಿದ ಒಳಮನೆ ಸಿಕ್ಕರಂತೂ ಬೇರೆ ಸ್ಟುಡಿಯೋ ಹುಡುಕುವ ಕಾರಣವಿಲ್ಲ. ನೆಲಕ್ಕೆ ದಪ್ಪ ಜಮಖಾನೆ ಹಾಸಿರಿ. ನವಲಗುಂದದ್ದು ಇದ್ದರೆ ಬಹಳ ಉತ್ತಮ. ಹಾಡುವವರ ಬೆನ್ನ ಹಿಂದೆ ಹಗ್ಗ ಕಟ್ಟಿ ಎರಡು ಕೌದಿ ಇಳಿಬಿಡಿರಿ. ಬೆನ್ನ ಹಿಂದೆ ಏಕೆಂದರೆ, ಮೈಕಿನ ಮುಖ ಆ ಕಡೆಗೆ ಇರುವುದರಿಂದ ಆ ಗೋಡೆಯ ಮರುದನಿಯೇ ಅದಕ್ಕೆ ಹೆಚ್ಚು ಕೇಳುತ್ತದೆ. ಮೂರು ಸಾವಿರದ ಮೈಕು ಕೌದಿಯ ಮುಂದೆ ಮಾಡುವಷ್ಟು ಕೆಲಸವನ್ನು ಹದಿನೈದು ಸಾವಿರದ ಮೈಕು ಬರಿ ಗೋಡೆಯ ನಡುವೆ ಮಾಡಲಾರದು.

ಇದಕ್ಕಿಂತಲೂ ಅಗ್ಗದ ಉಪಾಯ ಹತ್ತಿರ ಸರಿಯುವುದು. ಬಾಯಿಗೂ ಮೈಕಿಗೂ ಇರುವ ದೂರ ಅರ್ಧವಾದರೆ ಹಾಡಿನ ದನಿ 6 ಡೆಸಿಬೆಲ್ ಏರುವುದು, ಕೋಣೆಯ ಗದ್ದಲ ಮಾತ್ರ ಇದ್ದಷ್ಟೇ ಇರುವುದು. ಒಂದು ಗೇಣಿನ ದೂರ ಸರಿಯಾದ ಅಳತೆ. ತೀರ ಸಮೀಪವಾದರೆ ‘ಪ’, ‘ಭ’ ಅಕ್ಷರಗಳ ಉಸಿರು ಬಡಿದು ಗುಮ್ಮೆನ್ನುವುದು. ಅದಕ್ಕೆ ಕಸೂತಿ ಹಾಕುವ ಬಳೆಗೆ ಸೊಳ್ಳೆ ಪರದೆಯ ಬಟ್ಟೆಯನ್ನು ಎರಡು ಪದರಾಗಿ ಬಿಗಿದು ನಡುವೆ ಹಿಡಿದರೆ ಸಾಕು.

ಇನ್ನು ಕೊಳ್ಳುವ ಮಾತು. ಒಬ್ಬರೇ ಹಾಡುವುದನ್ನು ಅಥವಾ ಕಥೆ ಹೇಳುವುದನ್ನು ಮೊಬೈಲಿನಲ್ಲಿಯೇ ಹಿಡಿಯುವುದಾದರೆ ಸೆರಗಿಗೆ ಸಿಕ್ಕಿಸುವ ಕಾಲರ್ ಮೈಕು ಸಾಕೆಂದು ನಮ್ಮ ಅಭಿಪ್ರಾಯ. ಬೋಯಾ ಬಿವೈ-ಎಂ1 ಈ ಬಗೆಯದು. ಸಾವಿರ ರೂಪಾಯಿಯ ಆಚೀಚೆ ದೊರೆಯುವುದು. ಮೈಕು ಮುಂದೆ ನಿಂತಿಲ್ಲವಾದ್ದರಿಂದ ಅಜ್ಜಿಗೂ ಸಂಕೋಚವಿಲ್ಲ. ಆದರೆ ಪಿನ್ನು ನೋಡಿಕೊಳ್ಳಿರಿ: ಮೊಬೈಲಿಗೆ ಹಾಕುವ ಪಿನ್ನಿಗೆ ಮೂರು ಕರಿಗೆರೆ ಇರುತ್ತವೆ, ಎರಡು ಗೆರೆಯದು ನೇರವಾಗಿ ಮೊಬೈಲಿಗೆ ನಡೆಯದು. ಹಲವು ಹೊಸ ಮೊಬೈಲುಗಳಲ್ಲಿ ಗುಂಡು ಪಿನ್ನಿನ ತೂತೇ ಇರುವುದಿಲ್ಲ.

ಕಂಪ್ಯೂಟರ್ ಇದ್ದವರಿಗೆ ಯುಎಸ್‌ಬಿ ಕಂಡೆನ್ಸರ್ ಮೈಕು ಅನುಕೂಲ. ಒಂದೇ ತಂತಿಯಲ್ಲಿ ವಿದ್ಯುತ್ತೂ ಬರುವುದು, ದನಿಯೂ ಹೋಗುವುದು. ಇದಕ್ಕೂ ಮೇಲಿನದು ಮೂರು ಕಡ್ಡಿಯ ಎಕ್ಸ್‌ಎಲ್‌ಆರ್ ತಂತಿಯ ಮೈಕು, ಉದಾಹರಣೆಗೆ ಆಡಿಯೋ-ಟೆಕ್ನಿಕಾ ಎಟಿ2020. ಇದಕ್ಕೆ 48 ವೋಲ್ಟಿನ ವಿದ್ಯುತ್ತು ಬೇಕು. ಅದನ್ನು ಕೊಡಲು ಆಡಿಯೋ ಇಂಟರ್‌ಫೇಸ್ ಎಂಬ ಪೆಟ್ಟಿಗೆಯನ್ನೂ ಕೊಳ್ಳಬೇಕು. ಮೈಕು, ಪೆಟ್ಟಿಗೆ, ತಂತಿ, ಸ್ಟ್ಯಾಂಡು ಎಲ್ಲ ಕೂಡಿ ಹದಿನೈದು ಸಾವಿರ ದಾಟಬಹುದು. ಮೈಕಿನ ಬೆಲೆಯನ್ನಷ್ಟೇ ನೋಡಿ ಕೊಂಡು, ಪಿನ್ನು ಬದಲಿಸಿ ಮೊಬೈಲಿಗೆ ಸಿಕ್ಕಿಸಿದರೆ ದನಿ ಬಾರದು. ಮೊಬೈಲಿನ ತೂತಿನಿಂದ ಎರಡು ಮೂರು ವೋಲ್ಟು ಮಾತ್ರ ಸಿಗುವುದು.

ಬಿಎಂ-800 ಎಂಬ ಹೆಸರಿನಿಂದ ಹಲವರು ಮಾರುವ ಅಗ್ಗದ ಕಿಟ್ಟುಗಳ ವಿಷಯದಲ್ಲಿ ಎಚ್ಚರ ಬೇಕು. ಸ್ಟ್ಯಾಂಡು, ಜೋಲಿ, ಸ್ಪಂಜು ಎಲ್ಲ ಬರುತ್ತವೆ, ಮೈಕೂ ನೋಡಲು ದೊಡ್ಡದು. ಆದರೆ ಎಷ್ಟೋ ಸಲ ಆ ದೊಡ್ಡ ಚಿಪ್ಪಿನೊಳಗೆ ಬಟಾಣಿಯಷ್ಟು ಪೊರೆಯ ಇಲೆಕ್ಟ್ರೆಟ್ ಮಾತ್ರ ಇರುತ್ತದೆ. ಅದಕ್ಕಿಂತ ಕಾಲರ್ ಮೈಕೇ ವಾಸಿ.

ಮೈಕು ತಾನೇ ಮಾಡುವ ‘ಸುಸ್’ ಎಂಬ ಸದ್ದನ್ನೂ ಡೆಸಿಬೆಲ್ಲಿನಲ್ಲಿ ಹೇಳುತ್ತಾರೆ. ಎಟಿ2020ಕ್ಕೆ ಅದು 20, ಬೆಲೆ ಹೆಚ್ಚಿನ ರೋಡ್ ಎನ್‌ಟಿ1ಕ್ಕೆ ಸುಮಾರು 4.5. ಅಂತರ ದೊಡ್ಡದು, ನಿಜ. ಆದರೆ ನಮ್ಮ ಮನೆಗಳಲ್ಲಿ ರಾತ್ರಿಯ ಮೌನವೂ ಸುಮಾರು 30 ಡೆಸಿಬೆಲ್ ಇರುವುದರಿಂದ ಆ ಹೆಚ್ಚಿನ ಹಣ ಹೆಚ್ಚು ಉಪಯೋಗಕ್ಕೆ ಬಾರದು. ಈ ಅಂಕಿಯನ್ನೇ ತಿಳಿಸದ ಮೈಕನ್ನು ಮಾತ್ರ ಕೇಳಿ ನೋಡದೆ ಕೊಳ್ಳಬೇಡಿರಿ. ಅಂಗಡಿಯಲ್ಲಿ ಅರ್ಧ ನಿಮಿಷ ಸುಮ್ಮನಿದ್ದು, ಅರ್ಧ ನಿಮಿಷ ಮೆಲ್ಲಗೆ ಮಾತಾಡಿ ಮುದ್ರಿಸಿ, ಕಿವಿಗೆ ಹೆಡ್‌ಫೋನ್ ಇಟ್ಟು ಕೇಳಿರಿ. ಸುಮ್ಮನಿದ್ದ ಭಾಗವೇ ಮೈಕಿನ ಗುಣ ಹೇಳುವುದು.

ಭಜನಾ ಮೇಳಕ್ಕೆ ಮೇಲಿನ ಮಾತು ಪೂರ್ತಿ ಹೊಂದದು. ಗುಡಿಯಲ್ಲಿ ಜನ, ಗಂಟೆ, ಮಕ್ಕಳು ಇದ್ದಾಗ ಡೈನಾಮಿಕ್ ಮೈಕೇ ಲೇಸು. 1966ರಿಂದ ನಡೆದು ಬಂದ ಶ್ಯೂರ್ ಎಸ್‌ಎಂ58 ಆ ಜಾತಿಯದು. ಮೇಳವನ್ನು ಮನೆಯೊಳಗೆ ಕೂಡಿಸಿ ಒಂದೇ ಕಂಡೆನ್ಸರ್ ಇಡುವುದಾದರೆ ಮುಖ್ಯ ಹಾಡುಗಾರರನ್ನು ಮುಂದೆ, ಪೇಟಿಯನ್ನು ಪಕ್ಕಕ್ಕೆ, ತಬಲಾ ಮತ್ತು ತಾಳವನ್ನು ಎರಡು ಮೊಳ ಹಿಂದಕ್ಕೆ ಕೂಡಿಸಿರಿ.

ಮುದ್ರಿಸುವ ಹೊತ್ತಿಗೆ ಫ್ಯಾನು ನಿಲ್ಲಿಸಬೇಕು. ಲ್ಯಾಪ್‌ಟಾಪನ್ನು ಬ್ಯಾಟರಿಯ ಮೇಲೆ ನಡೆಸಿದರೆ ಗುಂಯ್‌ಗುಡುವ ಸದ್ದು ಬಹುತೇಕ ಹೋಗುವುದು. ಕರೆಂಟು ಹೋದ ವೇಳೆಯೇ ಎಲ್ಲಕ್ಕಿಂತ ಪ್ರಶಸ್ತ. ಗಿರಣಿಯೂ ಇಲ್ಲ, ಟಿವಿಯೂ ಇಲ್ಲ. ಪರೀಕ್ಷೆಗೆಂದು ಮೈಕಿಗೆ ಊದುವುದು, ಬೆರಳಿನಿಂದ ಬಡಿಯುವುದು ಕೂಡದು. ಸುಗ್ಗಿಯ ಧೂಳು ಮತ್ತು ಮಳೆಗಾಲದ ತೇವ ಪೊರೆಗೆ ಕೇಡು. ಕೆಲಸ ಮುಗಿದೊಡನೆ ಬಿಗಿ ಮುಚ್ಚಳದ ಡಬ್ಬಿಯಲ್ಲಿ ತೇವ ಹೀರುವ ಸಿಲಿಕಾ ಚೀಲದೊಡನೆ ಇಡಿರಿ.

ಮುದ್ರಿಸಲು ಅಡಾಸಿಟಿ ಎಂಬ ತಂತ್ರಾಂಶ ಹಣವಿಲ್ಲದೆ ದೊರೆಯುತ್ತದೆ. 48 ಕಿಲೋಹರ್ಟ್ಸ್, 24 ಬಿಟ್ಟಿನ ವೇವ್ ಕಡತವಾಗಿ ಉಳಿಸಿದರೆ ಒಂದು ಮೈಕಿನ ಒಂದು ಗಂಟೆಯ ಹಾಡಿಗೆ ಸುಮಾರು 520 ಎಂಬಿ ಜಾಗ ಹಿಡಿಯುವುದು. ವಾಟ್ಸಾಪಿನಲ್ಲಿ ಕಳಿಸಿದ್ದನ್ನೇ ಮೂಲವೆಂದು ಇಟ್ಟುಕೊಳ್ಳಬೇಡಿರಿ, ಅದರಲ್ಲಿ ದನಿ ಸೊರಗಿರುತ್ತದೆ. ಹಾಡಿಸುವ ಮೊದಲು ಹಾಡುವವರ ಒಪ್ಪಿಗೆ ಪಡೆಯಿರಿ. ಆರಂಭದಲ್ಲಿ ಅವರ ಬಾಯಿಂದಲೇ ಹೆಸರು, ಊರು, ತವರೂರು, ಪದವನ್ನು ಯಾರಿಂದ ಕಲಿತರು ಎಂಬುದನ್ನು ಹೇಳಿಸಿ, ತಾರೀಖನ್ನು ನೀವು ಹೇಳಿರಿ. ಒಂದು ಪ್ರತಿ ಮನೆಯಲ್ಲಿರಲಿ, ಇನ್ನೊಂದು ಪ್ರತಿಯನ್ನು ಪೆನ್‌ಡ್ರೈವಿನಲ್ಲಿ ಹಾಕಿ ಬೇರೊಂದು ಮನೆಯಲ್ಲಿಡಿರಿ.