ಅಂಗಡಿಗೆ ಹೋಗುವ ಮುಂಚೆ ತೋಳು ಅಳೆದುಕೊ

ಪುಟ್ಟಾ, 2028ರ ಲಾಸ್ ಏಂಜಲೀಸ್ ಒಲಿಂಪಿಕ್ಸ್‌ಗೆ ಕಾಂಪೌಂಡ್ ಬಿಲ್ಲಿನ ಮಿಶ್ರ ತಂಡದ ಸ್ಪರ್ಧೆ ಸೇರಿತು ಅಂತ ಸುದ್ದಿ ಬಂದಾಗಿನಿಂದ ನಿನ್ನ ಬಾಯಲ್ಲಿ ಅದೇ ಮಾತು. ಬಿದಿರಿನ ಬಿಲ್ಲು ಬಿಟ್ಟು ಕಾಂಪೌಂಡ್ ಹಿಡಿಯುತ್ತೀನಿ ಅಂತೀಯ. ಹಿಡಿ, ಬೇಡ ಅನ್ನೋದಿಲ್ಲ. ಅದಿತಿ ಸ್ವಾಮಿ 17ನೇ ವಯಸ್ಸಿಗೇ, 2023ರಲ್ಲಿ ಬರ್ಲಿನ್‌ನಲ್ಲಿ ವಿಶ್ವ ಚಾಂಪಿಯನ್ ಆದದ್ದು ಇದೇ ಬಿಲ್ಲಿನಲ್ಲಿ. ಆದರೆ ಅಪ್ಪನ ಹತ್ತಿರ ದುಡ್ಡು ಕೇಳುವ ಮುಂಚೆ ನನ್ನ ಮಾತು ಸ್ವಲ್ಪ ಕೇಳು.

ಬಿದಿರಿನ ಬಿಲ್ಲನ್ನು ನಿನ್ನ ತೋಳು ಹೋದಷ್ಟು ಎಳೆಯುತ್ತೀಯ. ಕಾಂಪೌಂಡ್ ಹಾಗಲ್ಲ. ಅದರ ತುದಿಯ ಚಕ್ರ, ಅಂದರೆ ಕ್ಯಾಮ್, ಒಂದು ಜಾಗಕ್ಕೆ ಬಂದು ಗಟ್ಟಿಯಾಗಿ ನಿಂತುಬಿಡುತ್ತದೆ, ಮುಂದೆ ಒಂದು ಬೆರಳಷ್ಟೂ ಬರುವುದಿಲ್ಲ. ಆ ಜಾಗ ನಿನ್ನ ಮೈಗೆ ಹೊಂದದಿದ್ದರೆ ಎಷ್ಟು ಬೆಲೆಯ ಬಿಲ್ಲಾದರೂ ವ್ಯರ್ಥ. ಆ ಜಾಗ ಎಲ್ಲಿ ಅಂತ ತಿಳಿಯಲು ಎರಡೂ ಕೈ ಚಾಚಿ ನಿಂತು, ಬೆರಳ ತುದಿಯಿಂದ ಬೆರಳ ತುದಿಗೆ ಇಂಚಿನಲ್ಲಿ ಅಳೆಸಿಕೊ, ಎರಡೂವರೆಯಿಂದ ಭಾಗಿಸು. 65 ಇಂಚು ಬಂದರೆ ಡ್ರಾ ಲೆಂಗ್ತ್, ಅಂದರೆ ಎಳೆತದ ಉದ್ದ, ಸುಮಾರು 26. ಇದು ಅಂದಾಜು ಮಾತ್ರ. ಕೋಚ್ ಎದುರು ಎಳೆದು ನೋಡಿ ಅರ್ಧ ಇಂಚು ಆಚೀಚೆ ಮಾಡಿಕೊಳ್ಳಬೇಕು. ನೀನಿನ್ನೂ ಬೆಳೆಯುವ ಹುಡುಗ, ಅದಕ್ಕೇ ಡ್ರಾ ಲೆಂಗ್ತನ್ನೂ ಪೌಂಡನ್ನೂ ಹೆಚ್ಚು ಕಡಿಮೆ ಮಾಡಿಕೊಳ್ಳಬಹುದಾದ ಬಿಲ್ಲೇ ನಿನಗೆ ಸರಿ.

ಪೌಂಡಿನ, ಅಂದರೆ ಎಳೆಯಲು ಬೇಕಾದ ಬಲದ, ವಿಷಯದಲ್ಲಿ ಜಂಬ ಬೇಡ. ಸ್ಪರ್ಧೆಯಲ್ಲೇ 60 ಪೌಂಡ್ ಮೀರುವಂತಿಲ್ಲ. 50 ಮೀಟರ್ ದೂರದ ಗುರಿಗೆ 40 ಧಾರಾಳ ಸಾಕು. 80 ಪರ್ಸೆಂಟ್ ಲೆಟ್ ಆಫ್ ಇದ್ದರೆ ಪೂರ್ತಿ ಎಳೆದು ನಿಂತಾಗ ಕೈ ಮೇಲೆ ಉಳಿಯುವುದು 8 ಪೌಂಡ್ ಅಷ್ಟೆ. ಕುರ್ಚಿ ಮೇಲೆ ಕೂತು, ಬಿಲ್ಲನ್ನು ಆಕಾಶಕ್ಕೆ ಎತ್ತದೆ ನೇರ ಗುರಿಯ ಕಡೆ ಹಿಡಿದೇ ಎಳೆಯಲು ಆಗುತ್ತದಾ ನೋಡು. ಆಗದಿದ್ದರೆ ಇಳಿಸು. ಎಳೆದ ಮೇಲೆ ಮೆಲ್ಲಗೆ ವಾಪಸ್ ತಾ. ಬಾಣವಿಲ್ಲದೆ ಹೆದೆ ಬಿಟ್ಟೆಯೋ, ಬಿಲ್ಲು ಅಲ್ಲೇ ಮುರಿಯಬಹುದು, ನಿನ್ನ ಮುಖಕ್ಕೂ ಹೊಡೆಯಬಹುದು.

ಡಬ್ಬದ ಮೇಲೆ ದಪ್ಪಕ್ಷರದಲ್ಲಿ ಇರುವ ವೇಗ ಇದೆಯಲ್ಲ, ಅದು 70 ಪೌಂಡ್, 30 ಇಂಚಿನ ಎಳೆತ, 350 ಗ್ರೈನ್ ಬಾಣದ ಲೆಕ್ಕ. ನಿನ್ನ ಕೈಯಲ್ಲಿ ಆ ಅಂಕಿ ಹುಟ್ಟುವುದೇ ಇಲ್ಲ, ಅದಕ್ಕೆ ದುಡ್ಡು ಕೊಡಬೇಡ. ಎಲೆ ಬಣ್ಣದ ಚಿತ್ತಾರದ ಗಿಡ್ಡ ಬಿಲ್ಲುಗಳಿಗೂ ಮರುಳಾಗಬೇಡ. ಅವು ಅಮೆರಿಕದಲ್ಲಿ ಮರ ಹತ್ತಿ ಕೂತು ಜಿಂಕೆ ಹೊಡೆಯುವವರಿಗೆ. ನಮ್ಮಲ್ಲಿ 1972ರ ವನ್ಯಜೀವಿ ಕಾಯ್ದೆ ಬೇಟೆಯನ್ನೇ ನಿಷೇಧಿಸಿದೆ. ಗುರಿಗೆ ಹೊಡೆಯುವ ನಿನಗೆ ಉದ್ದದ್ದೇ ಸರಿ: ಎರಡು ತುದಿಯ ಆಕ್ಸಲ್‌ಗಳ ನಡುವೆ ಸ್ವಲ್ಪ ಉದ್ದ ಇದ್ದರೆ ಬಿಲ್ಲು ಕೈಯಲ್ಲಿ ಅಲುಗಾಡದೆ ನಿಲ್ಲುತ್ತದೆ.

ಇರುವ ದುಡ್ಡನ್ನೆಲ್ಲ ಬಿಲ್ಲಿಗೇ ಸುರಿದರೆ ಬಾಣಕ್ಕೆ ಏನು ಮಾಡ್ತೀ? ಸೈಟು, ರೆಸ್ಟು, ಪೀಪು, ರಿಲೀಸು, ಎಲ್ಲಕ್ಕೂ ಬೇಕು. ಮೂರರಲ್ಲಿ ಒಂದು ಪಾಲು ಎತ್ತಿಡು ಅನ್ನುತ್ತೇನೆ. ಅದರಲ್ಲೂ ಹೆದೆ ಹಿಡಿದು ಬಿಡುವ ರಿಲೀಸಿನಲ್ಲಿ ಜುಗ್ಗತನ ಮಾಡಬೇಡ, ಬಿಲ್ಲು ಬದಲಾದರೂ ಅದು ನಿನ್ನ ಜೊತೆ ಉಳಿಯುತ್ತದೆ. ಬಾಣ ನಿನ್ನ ಪೌಂಡಿಗೆ ಹೊಂದುವ ಸ್ಪೈನಿನದಾಗಿರಲಿ, ಅಂದರೆ ಅಷ್ಟು ಬಿಗುವಿನದಾಗಿರಲಿ. ಪೌಂಡಿಗೆ 5 ಗ್ರೈನ್‌ಗಿಂತ ಹಗುರವಾದದ್ದು ಬೇಡವೇ ಬೇಡ.

ಸೆಕೆಂಡ್ ಹ್ಯಾಂಡ್ ಸಿಕ್ಕರೆ ನಾಚಿಕೆ ಏಕೆ? ಲಿಂಬ್‌ಗಳ ಮೇಲೆ ಹತ್ತಿ ಉಂಡೆ ಎಳೆದು ನೋಡು. ಎಲ್ಲಾದರೂ ಎಳೆ ಸಿಕ್ಕಿಕೊಂಡರೆ ಅಲ್ಲಿ ಬಿರುಕಿದೆ, ಹಾಗೇ ಎದ್ದು ಬಾ. ಕ್ಯಾಮ್ ಸೊಟ್ಟಗಿದೆಯಾ ಅಂತಲೂ ನೋಡು. ಹೆದೆ, ಕೇಬಲ್ ನವೆದಿದ್ದರೆ ಹೊಸದರ ಖರ್ಚನ್ನು ಬೆಲೆಯಲ್ಲಿ ಕಳೆದುಕೊಂಡು ಮಾತಾಡು. ಅವನ್ನು ಮನೆಯಲ್ಲಿ ಬದಲಿಸಲಾಗದು, ಬೋ ಪ್ರೆಸ್ ಅನ್ನುವ ಯಂತ್ರ ಬೇಕು. ಆದ್ದರಿಂದ ಕೊಳ್ಳುವ ಮುಂಚೆಯೇ ಎರಡು ವಿಷಯ ಕೇಳಿಕೊ: ಹತ್ತಿರದಲ್ಲಿ ಪ್ರೆಸ್ ಯಾರ ಹತ್ತಿರ ಇದೆ, ಮತ್ತು ಡ್ರಾ ಲೆಂಗ್ತ್ ಬದಲಿಸಲು ಕ್ಯಾಮಿಗೆ ಬೇರೆ ಮಾಡ್ಯೂಲ್ ದುಡ್ಡು ಕೊಟ್ಟು ತರಬೇಕಾ, ಇಲ್ಲ ಇದರಲ್ಲೇ ಸ್ಕ್ರೂ ತಿರುಗಿಸಿದರೆ ಸಾಕಾ.